ಎರಡಕ್ಷರದ ಕಟ್ಟಿ

ಹಸಿ ನೆಲದ ಮೇಲೆ ಸುಣ್ಣದ ಪುಡಿ ಬಿದ್ದಾಗ ಒಂದು ವಾಸನೆ ಏಳುತ್ತದೆ. ಮೊನ್ನೆ ಕೂಕಟ್‌ಪಲ್ಲಿಯಲ್ಲಿ ನಮ್ಮ ಮನೆಯ ಎದುರಿನ ಖಾಲಿ ಜಾಗದಲ್ಲಿ ಯಾರೋ ಪಾಯದ ಗೆರೆ ಎಳೆಯುತ್ತಿದ್ದರು. ಹಾಲಿನ ಪಾಕೀಟು ಹಿಡಿದುಕೊಂಡು ಬರುತ್ತಿದ್ದವಳು ಅಲ್ಲೇ ನಿಂತುಬಿಟ್ಟೆ. ಎಷ್ಟು ಹೊತ್ತು ನಿಂತೆನೋ, ಮೂರನೇ ಮಹಡಿಯಿಂದ ಅವ್ವ ಕೂಗಿದಳು: "ಏ, ಹಾಲು ತಗೊಂಡು ಮ್ಯಾಲೆ ಬರ್ತಿಯೋ, ಇಲ್ಲಾ ಅವರ ಮನಿ ಕಟ್ಟಿಸಿಕೊಟ್ಟು ಬರ್ತಿಯೋ?"

ನನಗೆ ನಗು ಬಂತು. ಆ ವಾಸನೆ ಮೂಗಿಗೆ ಬಡಿದರೆ ಸಾಕು, ನಾನು ದಿಲ್‌ಸುಖ್‌ನಗರದ ಒಂದು ಇಳಿಜಾರು ಗಲ್ಲಿಯಲ್ಲಿ, ಒಂದು ಮಳೆಗಾಲದಲ್ಲಿ, ಮುಖ ಸಣ್ಣದು ಮಾಡಿಕೊಂಡು ನಿಂತಿರುತ್ತೇನೆ. ನನ್ನ ಎದುರು ಶರಣವ್ವಾಯಿ ಸೊಂಟದ ಮೇಲೆ ಕೈ ಇಟ್ಟುಕೊಂಡು ಕೇಳುತ್ತಿರುತ್ತಾರೆ: "ಕಟ್ಟಿ ಎಲ್ಲಿ ಐತಿ ತಂಗಿ?"

ಆಗ ನಾನು ನಾಂಪಲ್ಲಿಯಲ್ಲಿ ಮೂರ್ತಿ ಸರ್ ಅವರ ಆಫೀಸಿನಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಆಫೀಸು ಅಂದರೆ ಒಂದು ಹಳೆ ಕಟ್ಟಡದ ಮೇಲಂತಸ್ತಿನಲ್ಲಿ ಎರಡು ಕೋಣೆ. ಕಿಟಕಿ ತೆಗೆದರೆ ರೈಲ್ವೆ ಸ್ಟೇಷನ್ನಿನ ಕೂಗು, ಮುಚ್ಚಿದರೆ ಫ್ಯಾನಿನ ಕೂಗು. ಸರ್, ನಾನು, ಮತ್ತು ನಕ್ಷೆ ಬರೆಯುವ ಮಲ್ಲೇಶಣ್ಣ, ಇಷ್ಟೇ ಜನ. ಇಬ್ಬರೂ ತೆಲುಗಿನವರು. ನಾನು ಹುಟ್ಟಿ ಬೆಳೆದದ್ದೇ ಹೈದರಾಬಾದಿನಲ್ಲಿ. ಮನೆಯಲ್ಲಿ ಅವ್ವನ ಕಲಬುರಗಿ ಕನ್ನಡ, ಮೆಟ್ಟಿಲು ಇಳಿದರೆ ತೆಲುಗು, ಆಟೊ ಹತ್ತಿದರೆ ಹಿಂದಿ. ನನಗೆ ಮೂರೂ ನೀರು ಕುಡಿದಷ್ಟು ಸಲೀಸು ಎಂದು ಆಗ ಭಾಳ ಜಂಬವಿತ್ತು. ಆ ಜಂಬ ಇಳಿದ ಕಥೆಯೇ ಇದು.

ಮೂರ್ತಿ ಸರ್ ಬಳಿ ಒಂದು ದಪ್ಪ ವಹಿ ಇತ್ತು. ಅದಕ್ಕೆ ಅವರು ಇಟ್ಟ ಹೆಸರು 'ಎಂದುಕು ಪುಸ್ತಕ'. ತೆಲುಗಿನಲ್ಲಿ ಎಂದುಕು ಅಂದರೆ ಯಾಕೆ. ಒಂದು ಕಟ್ಟಡದ ಒಟ್ಟು ಆಕಾರಕ್ಕೆ ಒಪ್ಪಿಗೆ ಸಿಕ್ಕ ಮೇಲೆ ನಿಜವಾದ ಕೆಲಸ ಶುರುವಾಗುತ್ತದೆ: ಗೋಡೆ ಎಷ್ಟು ದಪ್ಪ, ಕಿಟಕಿ ಎಷ್ಟು ಎತ್ತರದಲ್ಲಿ, ಬಾಗಿಲು ಒಳಕ್ಕೆ ತೆರೆಯಬೇಕೋ ಹೊರಕ್ಕೋ, ಹೀಗೆ ನೂರಾರು ತೀರ್ಮಾನ. ಒಂದೊಂದನ್ನೂ ಆ ವಹಿಯಲ್ಲಿ ಬರೆಯಬೇಕು. ಏನು ತೀರ್ಮಾನ, ಯಾಕೆ, ಯಾರು ಪರಿಶೀಲಿಸಿದರು ಎಂದು ಮೂರು ಕಲಮು. ಪ್ರತಿ ಶನಿವಾರ ಸರ್ ಅದನ್ನು ತೆರೆದು ನಕ್ಷೆಯ ಜೊತೆ ತಾಳೆ ನೋಡಿ ಹಸಿರು ಪೆನ್ನಿನಲ್ಲಿ ಗುರುತು ಹಾಕುತ್ತಿದ್ದರು. ಮೊದಮೊದಲು ನನಗೆ ಅದು ಶಾಲೆಯ ಹೋಂವರ್ಕಿನ ಹಾಗೆ ಕಾಣುತ್ತಿತ್ತು. ಬಚ್ಚಲಿನ ನೆಲ ಅರ್ಧ ಇಂಚು ಇಳಿಜಾರು ಯಾಕೆ ಅಂದರೆ ನೀರು ಹೋಗಲಿ ಎಂದು. ಅದನ್ನೂ ಬರೆಯಬೇಕೇ? ಬರೆಯಬೇಕು.

ಜೂನ್ ತಿಂಗಳ ಮೊದಲ ಮಳೆಯ ಹೊತ್ತಿಗೆ ಶರಣವ್ವಾಯಿ ಬಂದರು; ಆಯಿ ಅಂದರೆ ನಮ್ಮ ಕಡೆ ಅಜ್ಜಿ. ಅವರ ಯಜಮಾನರು ದಿಲ್‌ಸುಖ್‌ನಗರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದವರು, ಮೂಲ ನಮ್ಮ ಕಡೆಯವರೇ. ಅವರು ತೀರಿಹೋದ ಮೇಲೆ ಆಯಿ, ಗಲ್ಲಿಯಲ್ಲಿದ್ದ ಒಂದು ಸಣ್ಣ ಜಾಗದಲ್ಲಿ ಓದುವ ಮನೆ ಕಟ್ಟಿಸಲು ಹೊರಟಿದ್ದರು. ಆ ಭಾಗದಲ್ಲಿ ಎಲ್ಲಿ ನೋಡಿದರೂ ಕೋಚಿಂಗ್ ಸೆಂಟರುಗಳು. ಬೀದರ್, ಕಲಬುರಗಿ, ಯಾದಗಿರಿ ಕಡೆಯಿಂದ, ತೆಲಂಗಾಣದ ಹಳ್ಳಿಗಳಿಂದ ಬಂದ ಹುಡುಗಿಯರು ಒಂದೊಂದು ಕೋಣೆಯಲ್ಲಿ ಐದಾರು ಮಂದಿ ಇರುತ್ತಾರೆ. ಕೂತು ಓದಲು ಜಾಗವಿಲ್ಲ. ಕೆಳಗೆ ಓದುವ ಕೋಣೆ, ಮೇಲೆ ಇನ್ನೊಂದು ಓದುವ ಕೋಣೆ, ಅದರ ಮೇಲೆ ಆಯಿಯ ಮನೆ. ಆಯಿಗೆ ತೆಲುಗು ಬಂದರೂ ಮನೆಯ ಮಾತನ್ನು ಕನ್ನಡದಲ್ಲೇ ಆಡುವ ಹಟ; ಆ ಕನ್ನಡ ಅರ್ಥವಾಗುವವಳು ನಾನೊಬ್ಬಳೇ ಎಂದು ಸರ್ ಕೆಲಸವನ್ನು ನನಗೇ ಒಪ್ಪಿಸಿದರು. ನನ್ನ ಮೊದಲ ಕಟ್ಟಡ! ಅಂದು ಮನೆಗೆ ಹೋಗುವಾಗ ಮೆಟ್ರೊದಲ್ಲಿ ಸೀಟು ಸಿಕ್ಕರೂ ಕೂರಲಾಗಲಿಲ್ಲ, ಅಷ್ಟು ಖುಷಿ.

ಆಯಿಗೆ ಬೇಕಾಗಿದ್ದದ್ದು ಭಾಳ ಇರಲಿಲ್ಲ. "ಒಳಗ ಏನರ ಮಾಡ್ರಿ, ಅದು ನಿಮ್ಮ ವಿದ್ಯಾ. ಮುಂದ ನನಗೊಂದು ಕಟ್ಟಿ ಬೇಕು" ಅಂದರು. ನಮ್ಮ ಕಡೆ ಕಟ್ಟಿ ಅಂದರೆ ಮನೆಯ ಮುಂದೆ ಗೋಡೆಗೆ ಹೊಂದಿಸಿ ಕಟ್ಟಿದ ಜಗಲಿ, ಬಂದವರು ಹೋದವರು ಕೂರುವ ಜಾಗ. ಯಾಕೆ ಬೇಕು ಎಂಬುದನ್ನೂ ಹೇಳಿದರು. ಮದುವೆಯಾಗಿ ಈ ಊರಿಗೆ ಬಂದಾಗ ಆಯಿಗೆ ತೆಲುಗೂ ಗೊತ್ತಿರಲಿಲ್ಲ, ಹಿಂದಿಯೂ ಗೊತ್ತಿರಲಿಲ್ಲ. ಆಗಿದ್ದ ಹಳೆ ಮನೆಯ ಕಟ್ಟಿಯ ಮೇಲೆ ಅಕ್ಕಪಕ್ಕದ ಹೆಂಗಸರ ಜೊತೆ ಕಾಯಿಪಲ್ಲೆ ಸೋಸುತ್ತಾ ಎರಡನ್ನೂ ಕಲಿತರಂತೆ. "ಈಗಿನ ಹುಡುಗ್ಯಾರನ್ನ ನೋಡು. ರಸ್ತೇದಾಗ ನಿಂತು ಡಬ್ಬಿ ಬಿಚ್ಚಿ ನಿಂತೇ ಉಣ್ಣತಾವ. ನೋಡಿದ್ರ ನನ್ನ ಗಂಟಲದಾಗ ತುತ್ತು ಇಳಿಯಂಗಿಲ್ಲ. ಅವು ಕುಂತು ಉಣ್ಣಬೇಕು ತಂಗಿ."

ಇಷ್ಟನ್ನೂ ಕೇಳಿಸಿಕೊಂಡು ನಾನು ಆಫೀಸಿಗೆ ಬಂದೆ. ಹೊರಗೆ ಜೋರು ಮಳೆ, ತೊಯ್ದು ತೊಪ್ಪೆಯಾಗಿದ್ದೆ, ತಂಗಿಯ ನಿಶ್ಚಿತಾರ್ಥಕ್ಕೆಂದು ಅದೇ ಸಂಜೆ ಕಲಬುರಗಿಯ ರೈಲು ಹಿಡಿಯಬೇಕಿತ್ತು. ಎಂದುಕು ಪುಸ್ತಕ ತೆರೆದು ಬರೆದೆ: 'ಮುಂಭಾಗಕ್ಕೆ ಕಟ್ಟೆ.' ಆಯಿ ಹೇಳಿದ್ದು ಕಟ್ಟಿ. ಅದು ಮನೆ ಮಾತು, ಆಫೀಸಿನಲ್ಲಿ ಚಂದ ಕಾಣುವುದಿಲ್ಲ ಎಂದು ನಾನು ಅದನ್ನು ಶುದ್ಧ ಮಾಡಿ ಕಟ್ಟೆ ಅಂದೆ. ಬರೆದದ್ದು ತೆಲುಗು ಲಿಪಿಯಲ್ಲಿ, ಎಲ್ಲರೂ ಓದಲಿ ಎಂದು. ಯಾಕೆ ಎಂಬ ಕಲಮಿನಲ್ಲಿ 'ಆಯಿ ಕೇಳಿದರು' ಎಂದಷ್ಟೇ ಗೀಚಿದೆ. ಮಲ್ಲೇಶಣ್ಣನಿಗೆ ಬಾಯಲ್ಲೂ ಹೇಳಿದೆ: "ಅನ್ನಾ, ಮುಂದರ ಕಟ್ಟೆ ಕಾವಾಲಂಟ." ಮುಂದೆ ಕಟ್ಟೆ ಬೇಕಂತೆ ಎಂದು. ಅವರು ತಲೆ ಆಡಿಸಿದರು. ನಾನು ಛತ್ರಿ ಹಿಡಿದು ಓಡಿದೆ.

ವಾರ ಬಿಟ್ಟು ಬಂದು ನೋಡಿದರೆ ಮೇಜಿನ ಮೇಲೆ ರಟ್ಟಿನ ಮಾದರಿ ಕೂತಿತ್ತು. ಎಂಥ ಚಂದ! ಕಟ್ಟಡದ ಮುಖಕ್ಕೆ ನೆಲದಿಂದ ನೆತ್ತಿಯವರೆಗೆ ತೇಗದ ಪಟ್ಟಿಗಳ ಜಾಲರಿ, ಗೋಡೆಯಿಂದ ಒಂದೂವರೆ ಅಡಿ ಮುಂದಕ್ಕೆ ನಿಂತಿತ್ತು. ಪಡುವಣ ಬಿಸಿಲನ್ನು ಸೋಸಿ ಒಳಗೆ ಬಿಡುತ್ತದೆ. ಸರ್ ಖುದ್ದು ಮೂರು ದಿನ ಕೂತು ಮಾಡಿದ್ದರು, ಮುಖದಲ್ಲಿ ಹೊಸ ಮದುಮಗನ ಕಳೆ. ಜಾಲರಿಯ ಬುಡದಲ್ಲಿ ಉದ್ದಕ್ಕೂ ಎರಡು ಗೆರೆ ಇದ್ದವು. ಇದೇ ಕಟ್ಟೆ ಇರಬೇಕು ಅಂದುಕೊಂಡೆ. ವಹಿ ತೆರೆದರೆ ಕಟ್ಟೆಯ ಎದುರು ಹಸಿರು ಪೆನ್ನಿನ ಗುರುತು. ಸರ್ ಪರಿಶೀಲಿಸಿದ್ದಾರಲ್ಲ, ಇನ್ನೇನು? ನಾನು ಅಳತೆಪಟ್ಟಿ ಇಟ್ಟು ನೋಡಲಿಲ್ಲ. ಮೆಟ್ಟಿಲು ಮತ್ತು ಬಚ್ಚಲುಗಳ ಕೆಲಸಕ್ಕೆ ಕೂತೆ. ಮೂರು ವಾರ, ಮೂರು ಶನಿವಾರ ಹೀಗೇ ಕಳೆದವು. ಪ್ರತಿ ಸಲವೂ ನಾವು ಮೂವರೂ 'ಕಟ್ಟೆ ಸರಿಯಾಗಿದೆ' ಎಂದು ಒಪ್ಪಿಕೊಂಡೇ ಮುಂದಕ್ಕೆ ಹೋದೆವು.

ಸರ್‌ಗೆ ಇನ್ನೊಂದು ಪದ್ಧತಿ ಇತ್ತು. ಕಂಬ, ತೊಲೆಗಳ ಲೆಕ್ಕ ಹಾಕುವ ಇಂಜಿನಿಯರಿಗೆ ನಕ್ಷೆ ಕಳಿಸುವ ಮೊದಲು, ಕೆಳ ಅಂತಸ್ತನ್ನು ಜಾಗದ ಮೇಲೆಯೇ ಸುಣ್ಣದ ಪುಡಿಯಲ್ಲಿ ಪೂರ್ತಿ ಅಳತೆಗೆ ಬರೆಸುತ್ತಿದ್ದರು. ಮನೆಯವರು ಅದರೊಳಗೆ ಓಡಾಡಿ ಒಪ್ಪಬೇಕು. ಒಂದು ಸೋಮವಾರ ಮಳೆ ಬಿಡುವು ಕೊಟ್ಟಿತ್ತು. ಮಲ್ಲೇಶಣ್ಣ ಮತ್ತು ನಾನು ಗೆರೆ ಎಳೆದೆವು. ಆಯಿ ಬಂದು, ಚಪ್ಪಲಿಯನ್ನು ಗೆರೆಯ ಹೊರಗೆ ಬಿಟ್ಟು, ಇಲ್ಲದ ಬಾಗಿಲನ್ನು ದೂಡಿಕೊಂಡು ಒಳಗೆ ಬಂದರು. ಇಲ್ಲದ ಕಿಟಕಿಯಿಂದ ಬಗ್ಗಿ ನೋಡಿದರು. ಮೆಟ್ಟಿಲಿನ ಜಾಗದಲ್ಲಿ ಮೊಣಕಾಲಿಗೆ ಕೈ ಇಟ್ಟು ಹತ್ತುವ ಹಾಗೆ ನಟಿಸಿದರು. ಎಲ್ಲವೂ ಪಸಂದಾಗಿತ್ತು. ಕೊನೆಗೆ ಹೊರಗೆ ಬಂದು ಸೊಂಟದ ಮೇಲೆ ಕೈ ಇಟ್ಟರು.

"ಕಟ್ಟಿ ಎಲ್ಲಿ ಐತಿ ತಂಗಿ?"

ನಾನು ಹೆಮ್ಮೆಯಿಂದ ಆ ಎರಡು ಗೆರೆ ತೋರಿಸಿದೆ. ಆಯಿ ಅದರ ಮೇಲೆ ತಮ್ಮ ಪಾದವನ್ನು ಅಡ್ಡಡ್ಡ ಇಟ್ಟರು. ಹಿಮ್ಮಡಿ ಒಂದು ಗೆರೆಯಾಚೆ, ಬೆರಳು ಇನ್ನೊಂದು ಗೆರೆಯಾಚೆ. "ಇದರ ಮ್ಯಾಲೆ ಬೆಕ್ಕು ಸೈತ ಕುಂದ್ರಂಗಿಲ್ಲಲ್ಲ!"

ಅಳತೆಪಟ್ಟಿ ಇಟ್ಟು ನೋಡಿದೆ. ನಾಲ್ಕೇ ಇಂಚು! ನಾನು ಸರ್ ಕಡೆ ತಿರುಗಿ ತೆಲುಗಿನಲ್ಲಿ, "ಸರ್, ಕಟ್ಟೆ ಎಲ್ಲಿ ಎಂದು ಕೇಳುತ್ತಿದ್ದಾರೆ" ಅಂದೆ. ಸರ್ ಮುಖ ಅರಳಿತು. ಎರಡೂ ಕೈಯನ್ನು ಆಕಾಶಕ್ಕೆ ಎತ್ತಿ, ಇಲ್ಲದ ಜಾಲರಿಯನ್ನು ಮೇಲಿಂದ ಕೆಳಗಿನವರೆಗೆ ಸವರಿ ತೋರಿಸಿ ಅಂದರು: "ಅಂತಾ ಕಟ್ಟೆನೇ ಕದಮ್ಮಾ! ಟೇಕು ಕಟ್ಟೆ!"

ಟೇಕು ಕಟ್ಟೆ. ತೇಗದ ಕಟ್ಟಿಗೆ; ಇದೆಲ್ಲ ಕಟ್ಟೆಯೇ ಅಲ್ಲವೇನಮ್ಮಾ ಎನ್ನುತ್ತಿದ್ದರು. ನಾನು ತೋರಿಸಿದ ಎರಡು ಗೆರೆ ಜಾಲರಿ ನಿಲ್ಲುವ ಚೌಕಟ್ಟಿನವು. ಅಯ್ಯೋ ದೇವರೇ! ತೆಲುಗಿನಲ್ಲಿ ಕಟ್ಟೆ ಅಂದರೆ ಕಟ್ಟಿಗೆ ಎಂಬುದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಜಗಲಿಗೆ ಅವರು ಅರುಗು ಅನ್ನುತ್ತಾರೆ ಎಂಬುದೂ ಗೊತ್ತಿತ್ತು. ಮೂರು ಭಾಷೆಯನ್ನು ಒಂದೇ ಬಾಯಲ್ಲಿ ಕಲಸಿ ಆಡಿ ಆಡಿ, ಯಾವ ಮಾತು ಯಾವ ಮನೆಯದು ಎಂಬುದೇ ಮರೆತುಹೋಗಿತ್ತು. ಆಯಿ ಅಂದ ಹಾಗೇ ಕಟ್ಟಿ ಎಂದು ಬರೆದಿದ್ದರೆ ಮಲ್ಲೇಶಣ್ಣ 'ಏನಿದು?' ಎಂದು ಕೇಳುತ್ತಿದ್ದರು. ಯಾಕೆ ಎಂಬ ಕಲಮಿನಲ್ಲಿ 'ಹುಡುಗಿಯರು ಕೂತು ಉಣ್ಣಲಿಕ್ಕೆ' ಎಂದು ಬರೆದಿದ್ದರೆ, ಕಟ್ಟಿಗೆ ಜಾಲರಿಯ ಮೇಲೆ ಹೇಗೆ ಕೂರುತ್ತಾರೆ ಎಂದು ಸರ್ ನಗುತ್ತಿದ್ದರು. ಶುದ್ಧ ಮಾಡಲು ಹೋಗಿ ಕೆಡಿಸಿದೆ.

ವಿಷಯ ಬಿಡಿಸಿ ಹೇಳಿದೆ. ಮಲ್ಲೇಶಣ್ಣ ನಗು ತಡೆಯಲಾರದೆ ಸುಣ್ಣದ ಡಬ್ಬಿ ಕೆಳಗಿಟ್ಟು ಆ ಕಡೆ ತಿರುಗಿಕೊಂಡರು. ಸರ್ ನಗಲಿಲ್ಲ. ಶುಕ್ರವಾರ ನಕ್ಷೆ ಇಂಜಿನಿಯರಿಗೆ ಹೋಗಬೇಕು. ಹೋದ ಮೇಲೆ ಮುಂಭಾಗದ ಕಂಬ ಜರುಗಿಸುವ ಹಾಗಿಲ್ಲ. ಕಟ್ಟಿ ಬರಲು ಒಂದೂವರೆ ಅಡಿ ಬೇಕು. ರಸ್ತೆಯ ಕಡೆ ಒಂದು ಇಂಚೂ ಹೋಗುವಂತಿಲ್ಲ, ಒಳಗಿನಿಂದ ತೆಗೆದರೆ ಓದುವ ಕೋಣೆಯಲ್ಲಿ ಆರು ಕುರ್ಚಿ ಹೋಗುತ್ತವೆ. ಇದನ್ನು ಆಯಿಗೆ ಹೇಳಿದೆ.

"ಆರು ಹುಡುಗ್ಯಾರನ್ನ ಎಬ್ಬಿಸಿ ಕಟ್ಟಿ ಕಟ್ಟೂದು ಬ್ಯಾಡ," ಅಂದರು ಆಯಿ. ನನಗೆ ಉಸಿರು ಬಂತು. ಆದರೆ ಮಾತು ಮುಗಿದಿರಲಿಲ್ಲ. "ಕಟ್ಟಿ ಇಲ್ಲದ ಮನೀನೂ ಬ್ಯಾಡ. ಎರಡೂ ಆಗತಾವು ಅಂದ್ರ ಕಟ್ಟರಿ. ಆಗಂಗಿಲ್ಲಂದ್ರ ಜಾಗ ಹಿಂಗ ಇರಲಿ, ನಾ ಒಂದು ಜಮಖಾನಿ ಹಾಸತೀನಿ, ಕುಂತು ಉಣ್ಣಲಿ." ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು. ಸ್ವಲ್ಪ ಹೊತ್ತಿಗೆ ಮಳೆ ಬಂದು ಸುಣ್ಣದ ಗೆರೆಗಳನ್ನೆಲ್ಲ ಕಲಸಿ ಗಲ್ಲಿಯುದ್ದಕ್ಕೂ ಹಾಲಿನ ಹಾಗೆ ಹರಿಸಿತು. ನನ್ನ ಮೊದಲ ಕಟ್ಟಡ ಚರಂಡಿಗೆ ಹೋಗುವುದನ್ನು ನಿಂತು ನೋಡಿದೆ. ಈಗ ನಗು ಬರುತ್ತದೆ, ಅಂದು ಮೆಟ್ರೊದಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತೆ.

ಅವ್ವನಿಗೆ ಎಲ್ಲ ಹೇಳಿಕೊಂಡೆ. ಅವಳು ರೊಟ್ಟಿ ಬಡಿಯುತ್ತಾ ಕೇಳಿಸಿಕೊಂಡು, "ಅಲ್ಲ, ಆ ಕಟಗಿ ಗ್ವಾಡಿಗೆ ಹತ್ತಿ ನಿಂತೈತೇನು?" ಎಂದಳು. ಇಲ್ಲ, ಗಾಳಿಗೆ ಒಂದೂವರೆ ಅಡಿ ಬಿಟ್ಟು... ಎನ್ನುತ್ತಿದ್ದವಳ ಬಾಯಿ ಹಾಗೇ ನಿಂತಿತು. ಅವ್ವ ತಿರುಗಿ ನೋಡಿದಳು. "ಏನಾತು? ತುತ್ತು ಸಿಕ್ಕಿತೇನು? ನೀರು ಕುಡಿ."

ಮಾರನೇ ದಿನ ಆಫೀಸಿನ ಬೀಗ ತೆಗೆಯುವ ಮೊದಲೇ ನಾನು ಬಾಗಿಲಲ್ಲಿದ್ದೆ. ಮಲ್ಲೇಶಣ್ಣ ಬಂದ ಕೂಡಲೇ, "ಅನ್ನಾ, ಬ್ಲೇಡು ಕೊಡಿ" ಅಂದೆ. ಸರ್ ಮಾಡಿದ ಮಾದರಿಗೆ ಬ್ಲೇಡು ಹಾಕುವುದು ಅಂದರೆ ದೇವರ ಪಟಕ್ಕೆ ಕೈ ಹಾಕಿದ ಹಾಗೆ. ಮಲ್ಲೇಶಣ್ಣ ಬಾಗಿಲ ಕಡೆ ನೋಡಿ ನೋಡಿ ಕೊಟ್ಟರು. ಜಾಲರಿಯನ್ನು ನೆಲದಿಂದ ಏಳಡಿಯವರೆಗೆ ಕತ್ತರಿಸಿ ತೆಗೆದೆ. ಮೇಲಿನದು ಹಾಗೇ ತೂಗಾಡಿಕೊಂಡು ಉಳಿಯಿತು. ಕೆಳಗೆ ಗೋಡೆಯ ಮುಂದೆ ಒಂದೂವರೆ ಅಡಿ ಜಾಗ ಖಾಲಿ ಬಿತ್ತು. ಒಳಗಿನ ಒಂದು ಕುರ್ಚಿಯೂ ಅಲ್ಲಾಡಲಿಲ್ಲ.

ಅಷ್ಟರಲ್ಲಿ ಸರ್ ಬಂದರು. ಕತ್ತರಿಸಿದ ತುಂಡುಗಳನ್ನು ನೋಡಿದರು, ನನ್ನನ್ನು ನೋಡಿದರು. ಬೈದರೆ ಬೈಯಲಿ ಎಂದು ಗಟ್ಟಿ ಮನಸ್ಸು ಮಾಡಿ ಹೇಳಿದೆ: ಕಟ್ಟಿಗೆ ಮೇಲೆ ಇರಲಿ, ನೆರಳು ಕೊಡಲಿ. ಅದರ ಕೆಳಗೆ ಕಟ್ಟಿ ಬರಲಿ. ಸರ್ ಕುರ್ಚಿ ಎಳೆದುಕೊಂಡು ಕೂತು ಒಂದೊಂದೇ ಪ್ರಶ್ನೆ ಹಾಕತೊಡಗಿದರು. ಕೆಳಗಿನ ಕೋಣೆಗೆ ಸಂಜೆ ಬಿಸಿಲು ಬೀಳುತ್ತದಲ್ಲ? ಹೊರಗಿನ ಹರಟೆಗೆ ಒಳಗಿನವರ ಓದು ಕೆಡುತ್ತದಲ್ಲ? ಎರಡಕ್ಕೂ ಮಲ್ಲೇಶಣ್ಣ ಒಂದೇ ಪೆನ್ಸಿಲ್ ಗೆರೆಯಲ್ಲಿ ಉತ್ತರ ಕೊಟ್ಟರು: ಕಿಟಕಿಯನ್ನು ಚಿಕ್ಕದು ಮಾಡಿ, ಕೂತವರ ತಲೆಗಿಂತ ಮೇಲಕ್ಕೆ, ಜಾಲರಿಯ ಅಂಚಿನ ನೆರಳಿಗೆ ಎತ್ತಿದರು. ಸರ್ ಆ ಗೆರೆಯ ಮೇಲೆ ಬೆರಳು ಆಡಿಸಿ, "ಮೊದಲಿದ್ದದ್ದಕ್ಕಿಂತ ಇದೇ ಚೆನ್ನಾಗಿದೆ. ನಿನ್ನ ತಪ್ಪಿಗೆ ಬುದ್ಧಿ ಇದೆ" ಎಂದು ತೆಲುಗಿನಲ್ಲಿ ಅಂದರು. ಆಮೇಲೆ ಎಂದುಕು ಪುಸ್ತಕವನ್ನು ನನ್ನ ಮುಂದೆ ತಳ್ಳಿದರು. "ಎತ್ತರ ಎಷ್ಟು? ಯಾಕೆ?"

ಪಠ್ಯಪುಸ್ತಕದಲ್ಲಿ ಕೂರುವ ಎತ್ತರ ಹದಿನೆಂಟು ಇಂಚು ಎಂದಿರುತ್ತದೆ. ಆದರೆ ಯಾಕೆ ಎಂಬ ಕಲಮು ಈ ಸಲ ಖಾಲಿ ಇಡುವ ಧೈರ್ಯ ನನಗಿರಲಿಲ್ಲ. ಬುಧವಾರ ಜಾಗಕ್ಕೆ ಹೋಗಿ, ಪಕ್ಕದ ಕೆಲಸದವರಿಂದ ಇಟ್ಟಿಗೆ ಕೇಳಿ ತಂದು, ಮೇಲೆ ಹಳೆ ಬಾಗಿಲ ಹಲಗೆ ಹಾಕಿ ಹದಿನೆಂಟು ಇಂಚಿಗೆ ಕಟ್ಟಿಯ ಹಾಗೆ ಜೋಡಿಸಿದೆವು. ಗಲ್ಲಿಯಲ್ಲಿ ಹೋಗುವವರನ್ನೆಲ್ಲ ಕರೆದು ಕೂರಿಸುವುದೇ ಕೆಲಸ. ಕಟ್ಟಡದ ಇಂಥ ಪರಿಶೀಲನೆಯನ್ನು ನಾನು ಮತ್ತೆ ಎಲ್ಲೂ ಕಾಣಲಿಲ್ಲ! ಮೂಲೆಯಲ್ಲಿ ಜೋಳದ ತೆನೆ ಸುಡುವ, ತೆಲುಗಿನ ಲಕ್ಷ್ಮಮ್ಮ ಕೂತು, ಕಾಲು ನೆಲಕ್ಕೆ ತಾಕದೆ ಮಗುವಿನ ಹಾಗೆ ಆಡಿಸಿ, "ಎಕ್ಕುವಾಯಿಂದಿ" ಅಂದರು. ಎತ್ತರ ಹೆಚ್ಚಾಯಿತು ಎಂದು. ಒಂದು ಸಾಲು ಇಟ್ಟಿಗೆ ತೆಗೆದೆವು. ಬೀದರಿನ ಇಬ್ಬರು ಹುಡುಗಿಯರು ಕೂತು, ತೊಡೆಯ ಮೇಲೆ ಡಬ್ಬಿ ಇಟ್ಟು, "ಈಗ ಬರೋಬ್ಬರಿ ಐತ್ರಿ ಅಕ್ಕಾ" ಅಂದರು. ಆಮೇಲೆ ಆಯಿ ಕೂತರು. ಆಳು ಎತ್ತರ, ಮೊಣಕಾಲು ನೋವು. ಕೂತದ್ದೇನೋ ಕೂತರು, ಏಳಲಾಗಲಿಲ್ಲ. ಸರ್ ಮತ್ತು ಮಲ್ಲೇಶಣ್ಣ ಎರಡು ಕಡೆ ಕೈ ಹಿಡಿದು ಎತ್ತಿದರು. "ಇದು ಕಟ್ಟಿ ಅಲ್ಲೋ, ಬಾವಿ" ಅಂದರು ಆಯಿ. ಅವರಿಗೆ ಇಪ್ಪತ್ತು ಇಂಚು ಬೇಕು, ಲಕ್ಷ್ಮಮ್ಮನಿಗೆ ಹದಿಮೂರು.

ಯಾರ ಮಾತು ಕೇಳುವುದು? ಎರಡು ಕಟ್ಟಿ ಕಟ್ಟೋಣ ಎಂದು ಸರ್, ಮಧ್ಯದ ಎತ್ತರ ಇಡೋಣ ಎಂದು ಮಲ್ಲೇಶಣ್ಣ. ಅಷ್ಟರಲ್ಲಿ ಹನಿ ಬಿತ್ತು, ಎಲ್ಲರೂ ಲಕ್ಷ್ಮಮ್ಮನ ತಾಡಪಾಲಿನ ಕೆಳಗೆ ಓಡಿದೆವು. ಉಪ್ಪು ನಿಂಬೆ ಸವರಿದ ತೆನೆ ಕಡಿಯುತ್ತಾ, ನಮ್ಮ ಹಲಗೆಯ ಮುಂದೆ ನೀರು ಇಳಿಜಾರಿನಲ್ಲಿ ಹರಿಯುವುದನ್ನು ನೋಡುತ್ತಿದ್ದೆ. ಮೂರು ವಾರದಿಂದ ಆ ಇಳಿಜಾರನ್ನು ಬೈದುಕೊಂಡಿದ್ದೆ: ಹೊಸ್ತಿಲು ಕೂರುವುದಿಲ್ಲ, ನೀರು ನುಗ್ಗುತ್ತದೆ ಎಂದು. ಗಲ್ಲಿ ನಮ್ಮ ಜಾಗದ ಈ ತುದಿಯಿಂದ ಆ ತುದಿಗೆ ಏಳು ಇಂಚು ಇಳಿಯುತ್ತಿತ್ತು. ಏಳು ಇಂಚು! ಹದಿಮೂರಕ್ಕೆ ಏಳು ಕೂಡಿದರೆ ಇಪ್ಪತ್ತು. ಕಟ್ಟಿಯ ಮೇಲ್ಭಾಗವನ್ನು ನೀರಿನ ಮಟ್ಟಕ್ಕೆ ನೇರ ಇಟ್ಟರೆ ಸಾಕು, ಎತ್ತರವನ್ನು ಗಲ್ಲಿಯೇ ಬದಲಿಸುತ್ತಾ ಹೋಗುತ್ತದೆ. ಮೇಲಿನ ತುದಿಯಲ್ಲಿ ಲಕ್ಷ್ಮಮ್ಮ, ಕೆಳಗಿನ ತುದಿಯಲ್ಲಿ ಆಯಿ, ನಡುವೆ ಯಾರಿಗೆ ಎಲ್ಲಿ ಕಾಲು ತಾಕುತ್ತದೋ ಅಲ್ಲಿ ಅವರು. ಕೈಯಲ್ಲಿದ್ದ ತೆನೆಯನ್ನು ಮಲ್ಲೇಶಣ್ಣನ ಕೈಗೆ ತುರುಕಿ ಮಳೆಯಲ್ಲೇ ಓಡಿದೆ. ಅಳತೆಪಟ್ಟಿ ಹಿಡಿದು ಮತ್ತೊಮ್ಮೆ, ಮಗದೊಮ್ಮೆ ಅಳೆದೆ. ಈ ಸಲ ಯಾರ ಹಸಿರು ಗುರುತನ್ನೂ ನಾನು ನಂಬುವವಳಿರಲಿಲ್ಲ. ಏಳೇ ಇಂಚು ಇತ್ತು. ಆಯಿ ತಾಡಪಾಲಿನ ಕೆಳಗಿನಿಂದ, "ತಂಗೀಗೆ ಹುಚ್ಚು ಹಿಡೀತು ನೋಡ್ರಿ!" ಎಂದು ಚಪ್ಪಾಳೆ ತಟ್ಟಿ ನಗುತ್ತಿದ್ದರು.

ಅಂದು ವಹಿಯಲ್ಲಿ ಬರೆದೆ. ಏನು: ಕಟ್ಟಿ. ಪಕ್ಕದಲ್ಲಿ ತೆಲುಗಿನಲ್ಲಿ ಅರುಗು, ಜೊತೆಗೆ ಒಂದು ಚಿತ್ರ, ಚಿತ್ರದ ಮೇಲೆ ಕೂತ ಒಬ್ಬ ಹುಡುಗಿ. ಯಾಕೆ: 'ಹುಡುಗಿಯರು ಕೂತು ಉಣ್ಣಲಿಕ್ಕೆ. ಆಯಿ ತಾನಾಗಿ ಏಳಲಿಕ್ಕೆ. ಲಕ್ಷ್ಮಮ್ಮನ ಕಾಲು ನೆಲಕ್ಕೆ ತಾಕಲಿಕ್ಕೆ.' ಯಾರು ಪರಿಶೀಲಿಸಿದರು ಎಂಬ ಕಲಮಿನಲ್ಲಿ ಕೂತು ನೋಡಿದವರ ಹೆಸರನ್ನೆಲ್ಲ ಬರೆದೆ. ಜಾಗ ಸಾಲದೆ ಅಂಚಿಗೆ ಹೋಯಿತು. ಸರ್ ಓದಿ, ಹಸಿರು ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಮುಚ್ಚಿ ಪೆನ್ನನ್ನು ನನಗೆ ಕೊಟ್ಟರು. ಶುಕ್ರವಾರ ನಕ್ಷೆ ಹೋಯಿತು. ಅಂದಿನಿಂದ ನಮ್ಮ ಆಫೀಸಿನಲ್ಲಿ ಯಾರ ಮಾತನ್ನೂ ಶುದ್ಧ ಮಾಡಿ ಬರೆಯುವಂತಿಲ್ಲ. ಅವರು ಅಂದದ್ದು ಅಂದ ಹಾಗೆ ಮೊದಲು, ಅರ್ಥ ಆಮೇಲೆ.

ಮೊನ್ನೆ ಹಾಲಿನ ಪಾಕೀಟನ್ನು ಅವ್ವನ ಕೈಗೆ ಕೊಟ್ಟವಳೇ ಮೆಟ್ರೊ ಹತ್ತಿ ದಿಲ್‌ಸುಖ್‌ನಗರಕ್ಕೆ ಹೋದೆ. ಮಧ್ಯಾಹ್ನ ಊಟದ ಹೊತ್ತು. ತೇಗದ ಜಾಲರಿ ಮಳೆಗೆ ಕಪ್ಪಗಾಗಿತ್ತು. ಕಟ್ಟಿಯ ಮೇಲೆ ಒಂದು ಗೇಣು ಜಾಗ ಇರಲಿಲ್ಲ. ಕಟ್ಟಿಸಿದವಳು ನಾನು, ನನಗೇ ಕೂರಲು ಜಾಗವಿಲ್ಲ! ನಿಂತುಕೊಂಡೇ ನೋಡುತ್ತಾ ಹೋದೆ, ಹೊಟ್ಟೆ ತುಂಬಿತು. ಕೆಳಗಿನ ತುದಿಯಲ್ಲಿ ಆಯಿ ತಮ್ಮ ಮೂಲೆ ಹಿಡಿದಿದ್ದರು. ನನ್ನನ್ನು ಕಂಡು ಕೈ ಬೀಸಿದರೇ ಹೊರತು ಜಾಗ ಮಾತ್ರ ಬಿಡಲಿಲ್ಲ.

ಅವರ ಪಕ್ಕದಲ್ಲಿ ಒಬ್ಬ ಹುಡುಗಿ ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಫೋನಿನಲ್ಲಿ ಮಾತಾಡುತ್ತಿದ್ದಳು. "ಉಣ್ಣಾಕತ್ತೀನವಾ... ಇಲ್ಲ, ನಿಂತಿಲ್ಲ, ಅರುಗು ಮ್ಯಾಲೆ ಕುಂತೀನಿ... ಅರುಗು ಯವ್ವಾ, ಅರುಗು... ಅದಕ್ಕ ನಮ್ಮ ಕಡೆ ಏನಂತಾರ..." ಮಾತು ನೆನಪಾಗದೆ ಹಣೆ ತಟ್ಟಿಕೊಂಡಳು. ಮೇಲಿನ ತುದಿಯಲ್ಲಿ ಕೂತು ಬೀಸಣಿಗೆಯಿಂದ ಕೆಂಡಕ್ಕೆ ಗಾಳಿ ಹಾಕುತ್ತಿದ್ದ ಲಕ್ಷ್ಮಮ್ಮ, ತಲೆಯನ್ನೂ ಎತ್ತದೆ, ಇಡೀ ಗಲ್ಲಿಗೆ ಕೇಳುವ ಹಾಗೆ ಕೂಗಿದರು:

"ಕಟ್ಟಿ!"

ಆಯಿ ನನ್ನ ಕಡೆ ತಿರುಗಿದರು. ಬಾಯಲ್ಲಿ ಹಲ್ಲು ಕಡಿಮೆ, ನಗು ಪೂರ್ತಿ.

"ಬರಕೊ ತಂಗಿ," ಅಂದರು.